ಬಾರ್ಟನ್ ಸಾಹೇಬರ ಕೊಡೆ

"ಓದೋದೇನೋ ಓದ್ತೈತೆ, ಅರ್ಥ ಹೇಳೋರು ಯಾರು?"

ಚಿಕ್ಕಗೌರಮ್ಮ ಇದನ್ನು ಕೇಳಿದ್ದು ಯಾರನ್ನೂ ಅಲ್ಲ. ಭಜನೆಮನೆಯ ಹಿಂದಿನ ಕಂಬಕ್ಕೆ ಒರಗಿ ಕೂತು, ಮುಂದಿನ ಕಂಬಕ್ಕೆ ಮೊಳೆ ಹೊಡೆದು ತೂಗುಹಾಕಿದ್ದ ಕರಿ ಸ್ಪೀಕರ್ ಪೆಟ್ಟಿಗೆಯನ್ನು ನೋಡುತ್ತಾ ಕೇಳಿದಳು. ಪೆಟ್ಟಿಗೆ ಉತ್ತರ ಕೊಡಲಿಲ್ಲ. ಬಾರ್ಟನ್ ಎಂಬ ಸಾಹೇಬರೊಬ್ಬರು ರೈಲಿನಲ್ಲಿ ಕಳಕೊಂಡ ಕೊಡೆಯ ವಿಚಾರದಲ್ಲಿ ಅದು ಮುಳುಗಿಹೋಗಿತ್ತು. ಬೆಂಚುಗಳ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ ಒಂಬತ್ತನೇ ಕ್ಲಾಸಿನ ಮಕ್ಕಳೂ ಉತ್ತರ ಕೊಡಲಿಲ್ಲ. ಇಂಗ್ಲಿಷ್ ಮೇಷ್ಟ್ರು ಹನುಮಂತರಾಜು ಮಾತ್ರ ಒಮ್ಮೆ ತಿರುಗಿ ಮುದುಕಿಯನ್ನು ನೋಡಿದರು, ಆಮೇಲೆ ಗೋಡೆಯ ಬೋರ್ಡನ್ನು ನೋಡಿದರು, ಆಮೇಲೆ ತಮ್ಮ ಚಪ್ಪಲಿ ನೋಡಿಕೊಂಡರು. ಬೋರ್ಡಿನ ಮೇಲೆ 'ನೋ ಕನ್ನಡ' ಎಂದು ಬರೆದಿತ್ತು. ಇಂಗ್ಲಿಷಿನಲ್ಲಿ ಬರೆಸಿದರೆ ಊರಿನವರಿಗೆ ಓದಲಿಕ್ಕೆ ಕಷ್ಟವಾದೀತೆಂದು ಅದನ್ನು ಕನ್ನಡದಲ್ಲೇ ಬರೆಸಿದ್ದರು.

ಶೆಟ್ಟಿಕೆರೆ ದಾಟಿ, ಎರಡೂ ಕಡೆ ತೆಂಗಿನ ಗರಿ ಬಸ್ಸಿನ ಕಿಟಕಿಯನ್ನು ಸವರುವ ದಾರಿಯಲ್ಲಿ ಒಳಕ್ಕೆ ಹೋದರೆ ಸಿಗುವ ಊರು ಅದು. ಊರ ನಡುವೆ ಭಜನೆಮನೆ. ಅದರ ಬೀಗದ ಕೈ ಚಿಕ್ಕಗೌರಮ್ಮನ ಮನೆಯ ದೇವರಗೂಡಿನ ಪಕ್ಕದ ಮೊಳೆಯಲ್ಲಿ. ಭಜನೆಮನೆಯಲ್ಲಿ ದೀಪ ಹಚ್ಚುವ ಮನೆತನ ಅವಳದು, ಅತ್ತೆಯ ಕಾಲದಿಂದ. ಶನಿವಾರ ಸಂಜೆ ದೀಪ ಹಚ್ಚಿದರೆ ಪುರಾಣ ಶುರು. ತಿಮ್ಮಯ್ಯ ರಾಗವಾಗಿ ಪದ್ಯ ಓದುವುದು, ಪಕ್ಕದಲ್ಲಿ ಕೂತ ಕ್ಯಾತಪ್ಪ ಅದರ ಅರ್ಥ ಬಿಡಿಸಿ ಹೇಳುವುದು. ತಿಮ್ಮಯ್ಯನ ಗಂಟಲು ಚೆನ್ನ, ತಾಳ್ಮೆ ಕಡಿಮೆ. ಕ್ಯಾತಪ್ಪನದು ಅದರ ತದ್ವಿರುದ್ಧ. ಒಂದು ಪದ್ಯದ ಅರ್ಥಕ್ಕೆ ಕೂತರೆ ದೇವಲೋಕದಿಂದ ಹೊರಟು, ತಿಪಟೂರಿನ ಕೊಬ್ಬರಿ ಹರಾಜಿನವರೆಗೆ ಬಂದು, ದಾರಿಯಲ್ಲಿ ಸಿಕ್ಕವರಿಗೆಲ್ಲ ಬೈದು, ಮತ್ತೆ ದೇವಲೋಕಕ್ಕೆ ಹತ್ತುವನು. ಅಷ್ಟರಲ್ಲಿ ತಿಮ್ಮಯ್ಯನಿಗೆ ಒಂದು ನಿದ್ದೆ ಆಗಿರುತ್ತಿತ್ತು.

ಚಿಕ್ಕಗೌರಮ್ಮ ನಿದ್ದೆ ಮಾಡಿದವಳಲ್ಲ. ಅವಳದು ಕೇಳುವ ಕಿವಿ ಎಂದು ಊರಿಗೇ ಹೆಸರು, ಆ ಹೆಸರಿನ ಬಗ್ಗೆ ಅವಳಿಗೆ ಭಕ್ತಿಗಿಂತ ಒಂದು ಗುಂಜಿ ಹೆಚ್ಚೇ ಹೆಮ್ಮೆ. ತಿಮ್ಮಯ್ಯ ಪದ್ಯದ ಕೊನೆಗೆ ಬರುವ ಮುಂಚೆಯೇ ಅವಳ ತುಟಿ ಕೊನೆಯ ಮಾತನ್ನು ಆಡಿ ಮುಗಿಸಿರುತ್ತಿತ್ತು. ಆ ಭಜನೆಮನೆಯಲ್ಲಿ ಒಳ್ಳೆಯ ಕೇಳುಗರೆಂದರೆ ಹಾಗೇ. ಮುಂದೇನಾಗುತ್ತದೆ ಅಂತ ಕಾಯುತ್ತಾ ಕೂರುವುದು ಹೊಸಬರ ಕೆಲಸ.

ಈ ವರ್ಷ ಶ್ರಾವಣದಲ್ಲಿ ಪುಸ್ತಕ ಎತ್ತಿದ್ದರು. ಎತ್ತಿದ ಪುಸ್ತಕಕ್ಕೆ ಮಂಗಳ ಹಾಡದೆ ಕಟ್ಟು ಕಟ್ಟುವ ಪದ್ಧತಿ ಆ ಊರಲ್ಲಿಲ್ಲ. ಯುಗಾದಿಯೊಳಗೆ ಪುರಾಣದ ರಾಜ ಕಾಡಿನಿಂದ ಊರಿಗೆ ಮರಳಬೇಕು, ಪಟ್ಟಕ್ಕೆ ಕೂರಬೇಕು, ಕೇಳಿದವರು ಪಾನಕ ಕುಡಿದು ಏಳಬೇಕು. ಆದರೆ ರಾಜ ಹೆಂಡತಿಯ ಕೈ ಹಿಡಿದು ಕಾಡಿಗೆ ಕಾಲಿಟ್ಟ ವಾರವೇ ಮೋಹನ್ ಕುಮಾರ್ ಚಿಕ್ಕಗೌರಮ್ಮನ ಜಗಲಿಗೆ ಕಾಲಿಟ್ಟ.

ಮೋಹನ್ ಕುಮಾರ್ ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವನು, ಊರಿನ ಟ್ರಸ್ಟ್ ಹೈಸ್ಕೂಲಿಗೆ ಅಧ್ಯಕ್ಷ. ವಿದ್ಯೆಯ ಮೇಲೆ ಬಹಳ ಗೌರವ, ಅದಕ್ಕೇ ಹತ್ತಿರ ಹೋಗಿರಲಿಲ್ಲ.

"ಅಜ್ಜಿ, ಈ ಸಲದಿಂದ ಇಂಗ್ಲಿಷ್ ಪರೀಕ್ಷೇಲಿ ಬರೆಯೋದೊಂದೇ ಅಲ್ಲ, ಕೇಳೋದಕ್ಕೂ ಮಾರ್ಕ್ಸು. ಪೆಟ್ಟಿಗೇಲಿ ಇಂಗ್ಲಿಷ್ ಹಾಕ್ತಾರೆ, ಮಕ್ಕಳು ಕೇಳಿ ಉತ್ತರ ಟಿಕ್ ಮಾಡ್ಬೇಕು. ನಮ್ಮ ಸ್ಕೂಲ್ ಪಕ್ಕ ನಾರಿನ ಮಿಲ್ಲು, ಏನೂ ಕೇಳ್ಸಲ್ಲ. ಶನಿವಾರ ಸಂಜೆ ಒಂದ್ಹೊತ್ತು ಭಜನೆಮನೆ ಕೊಡಿ."

ನಾರಿನ ಮಿಲ್ಲು ಅವನ ಭಾವಮೈದುನನದು. ಶನಿವಾರ ಸಂಜೆ ಅದನ್ನು ನಿಲ್ಲಿಸಿದರೂ ಆಗುತ್ತಿತ್ತು. ಆದರೆ ದೇಶ ಮುಂದೆ ಬರಬೇಕಾದರೆ ಯಂತ್ರ ನಿಲ್ಲಬಾರದು, ಪುರಾಣ ನಿಲ್ಲಬಹುದು.

"ರಾಜ ಕಾಡಲ್ಲವ್ನೆ ಕಣಪ್ಪ," ಅಂದಳು ಚಿಕ್ಕಗೌರಮ್ಮ.

"ಇರ್ಲಿ ಬುಡಿ ಅಜ್ಜಿ, ಹೆಂಗೂ ವರ್ಷಗಟ್ಲೆ ಇರೋನು. ನಮ್ಮ ಸ್ಕೂಲಿನ ಇನ್ಸ್‌ಪೆಕ್ಷನ್ ಮುಗಿಯೋಗಂಟ ಇದ್ದುಬುಟ್ರೆ ಏನಾಯ್ತದೆ?"

ಅವಳು ಇಲ್ಲ ಅನ್ನುವವಳೇ ಇದ್ದಳು. ಬಾಗಿಲ ಹಿಂದೆ ಮೊಮ್ಮಗಳು ಧನ್ಯಶ್ರೀ ನಿಂತಿದ್ದಳು. ಒಂಬತ್ತನೇ ಕ್ಲಾಸು, ಲೆಕ್ಕದಲ್ಲಿ ಗಟ್ಟಿ, ಇಂಗ್ಲಿಷ್ ಅಂದರೆ ಹೊಟ್ಟೆನೋವು. ಅವಳು ಬಂದು ಅಜ್ಜಿಯ ಸೆರಗು ಜಗ್ಗಿ, "ಅಜ್ಜಿ, ಕೊಡು ಕಣಜ್ಜಿ. ಅದರಲ್ಲಿ ಫೇಲಾದ್ರೆ ನಾನು ಹತ್ತನೇ ಕ್ಲಾಸಿಗೇ ಹೋಗಲ್ಲ," ಅಂದಳು. ಪುರಾಣದ ರಾಜನಿಗೆ ಇನ್ನೂ ಸ್ವಲ್ಪ ಗೆಡ್ಡೆಗೆಣಸು ತಿನ್ನುವ ಯೋಗ ಬಂತು. "ಕೇಳೋದಕ್ಕೂ ಮಾರ್ಕ್ಸಾ? ಹಂಗಿದ್ರೆ ನಾನು ಯಾವತ್ತೋ ಪಾಸಾಗಿರ್ತಿದ್ದೆ ಬುಡು," ಎನ್ನುತ್ತಾ ಚಿಕ್ಕಗೌರಮ್ಮ ಮೊಳೆಯಿಂದ ಬೀಗದ ಕೈ ತೆಗೆದಳು. ಪ್ರತಿ ಶನಿವಾರ ಒಯ್ಯುವುದು, ಮುಗಿದ ಮೇಲೆ ತಂದು ಅದೇ ಮೊಳೆಗೆ ಹಾಕುವುದು ಅಂತ ಮಾತಾಯಿತು.

ಪುಸ್ತಕವಿಡುವ ಪೀಠ ತಿಮ್ಮಯ್ಯನ ಮನೆಯ ಅಟ್ಟಕ್ಕೆ, ಕೊಬ್ಬರಿಯಾಗಲು ಒಣಗುತ್ತಿದ್ದ ಕಾಯಿಗಳ ಮಧ್ಯಕ್ಕೆ ಹೋಯಿತು. ಅದರ ಜಾಗಕ್ಕೆ ಕರಿ ಪೆಟ್ಟಿಗೆ ಬಂತು. ಬಾಗಿಲಿಗೆ 'ಲಿಸನಿಂಗ್ ಸೆಂಟರ್' ಎಂದು ಬ್ಯಾನರ್ ಬಂತು, ಅದರಲ್ಲಿ ಮೋಹನ್ ಕುಮಾರನ ಫೋಟೋ ಕೇಳುವ ಭಂಗಿಯಲ್ಲಿ, ಕಿವಿಯ ಹತ್ತಿರ ಮೊಬೈಲು ಹಿಡಿದು.

ಚಿಕ್ಕಗೌರಮ್ಮನ ಕಾಲಿಗೆ ಇದೆಲ್ಲ ತಿಳಿಯುತ್ತದೆಯೇ? ಶನಿವಾರ ಸಂಜೆಯಾದರೆ ಅವು ತಾವಾಗಿ ಭಜನೆಮನೆಗೆ ಹೊರಡುತ್ತಿದ್ದವು. ದೀಪ ಹಚ್ಚುವ ನೆಪವೂ ಇತ್ತು. ಹಚ್ಚಿ, ಹಿಂದಿನ ಕಂಬಕ್ಕೆ ಒರಗಿ, ಪೆಟ್ಟಿಗೆಗೆ ಕೈಮುಗಿದು ಕೂರುವಳು. ಯಾವ ಭಾಷೆಯಾದರೇನು, ಓದುವವರಿಗೆ ಕೈಮುಗಿಯಬೇಕು.

ಮೊದಲು ಪದಗಳ ಅಭ್ಯಾಸ. ಪೆಟ್ಟಿಗೆ ಒಂದೊಂದೇ ಪದ ಹೇಳುವುದು, ಮಕ್ಕಳು ಹಿಂದೆ ಹೇಳುವುದು. ಐಸ್‌ಬರ್ಗ್. ಬ್ಲಿಝರ್ಡ್. ಸ್ನೋಬೂಟ್ಸ್. ಹೊರಗೆ ಸಂಜೆಗೂ ಆರದ ಮಾಘದ ಧಗೆಗೆ ನಾಯಿಗಳು ಚರಂಡಿಯಲ್ಲಿ ಮಲಗಿದ್ದವು. ಚಿಕ್ಕಗೌರಮ್ಮ ಒಂದು ದಿನ ತಡೆಯಲಾರದೆ ಕೇಳಿದಳು:

"ಮೇಷ್ಟ್ರೇ, ತೆಂಗಿನ ಗೊನೆಯಿಂದ ಎಳೇದರಲ್ಲೇ ಉದುರ್ತದಲ್ಲ, ಕುರುಂಬೆ, ಅದಕ್ಕೆ ಏನಂತಾರೆ?"

ಹನುಮಂತರಾಜು ಬೋರ್ಡಿನ ಕಡೆ ನೋಡಿ ದನಿ ತಗ್ಗಿಸಿದರು. "ಅದು ಸಿಲಬಸ್ಸಲ್ಲಿಲ್ಲ ಕಣಮ್ಮ."

"ನಮ್ಮ ತೋಟದ ತುಂಬ ಅದೇ ಬಿದ್ದಿರೋದು."

"ಮಂಜುಗಡ್ಡೆ ಬಿದ್ದಿದ್ರೆ ಹೇಳ್ಬೌದಿತ್ತು," ಅಂದರು ಮೇಷ್ಟ್ರು, ತಮ್ಮ ಮೇಲೆ ತಮಗೇ ಸಿಟ್ಟು ಬಂದವರ ಹಾಗೆ.

ಪದಗಳಾದ ಮೇಲೆ ಕಥೆ. ಬಾರ್ಟನ್ ಸಾಹೇಬರ ಕೊಡೆ. ಟ್ರಸ್ಟಿನವರು ಎಲ್ಲಿಂದಲೋ ತರಿಸಿದ್ದ ಪೆನ್‌ಡ್ರೈವಿನಲ್ಲಿ ಕಥೆಗಳು ಬೇಕಾದಷ್ಟಿದ್ದವು. ಆದರೆ ಇನ್ಸ್‌ಪೆಕ್ಷನ್ನಿಗೆ ಕೊಡೆಯದೇ ಬರುತ್ತದೆಂದು ಮೋಹನ್ ಕುಮಾರನಿಗೆ ಖಚಿತ ಸುದ್ದಿ ಸಿಕ್ಕಿತ್ತು. ಹಾಗಾಗಿ ವಾರವಾರವೂ ಕೊಡೆಯೇ.

ಒಂದು ದಿನ ಚಿಕ್ಕಗೌರಮ್ಮ ಜಗಲಿಯಲ್ಲಿ ಗರಿ ಸೀಳಿ ಪೊರಕೆಕಡ್ಡಿ ಮಾಡುತ್ತಿದ್ದಾಗ ಧನ್ಯಶ್ರೀ ಬಂದು ಚೀಲ ಎಸೆದಳು.

"ಆ ಪೆಟ್ಟಿಗೆ ಬಾಯಲ್ಲಿ ಬಿಸಿ ಗೆಣಸಿಟ್ಕೊಂಡಂಗೆ ಮಾತಾಡ್ತೈತೆ ಕಣಜ್ಜಿ. ಒಂದು ಮಾತು ಹಿಡಿಯೋ ಹೊತ್ಗೆ ಹತ್ತು ಮಾತು ಓಡೋಗಿರ್ತವೆ."

"ಓಡೋಗದು ಯಾಕೆ? ನೀನು ಮುಂದೆ ಹೋಗಿ ನಿಂತ್ಕೊ. ನಾನು ಪದ್ಯ ಕಲ್ತಿದ್ದು ಹೆಂಗೆ ಅಂದ್ಕಂಡೆ? ಎಲ್ಲಿ ಏರ್ತದೆ, ಎಲ್ಲಿ ಇಳೀತದೆ, ಎಲ್ಲಿ ಉಸಿರು ಬುಡ್ತದೆ, ಅಷ್ಟು ಹಿಡ್ಕೊ. ಮಾತು ತಾನಾಗೇ ಬಂದು ಕೂತ್ಕೋತದೆ. ಎಲ್ಲಿ, ಹೇಳು ನೋಡಣ."

ಧನ್ಯಶ್ರೀ ಹೇಳಿದಳು: "ಎಕ್ಸ್‌ಕ್ಯೂಸ್ ಮಿ, ಐ ಹ್ಯಾವ್ ಲಾಸ್ಟ್ ಮೈ ಅಂಬ್ರೆಲ್ಲಾ..." ಕೊಡೆ ಕಳೆದದ್ದು ಎಂಬಷ್ಟೇ ಅವಳಿಗೆ ತಿಳಿದಿತ್ತು, ಅಷ್ಟನ್ನು ಅಜ್ಜಿಗೂ ಹೇಳಿದಳು.

"ಎಳೀಬೇಕು ಕಣೇ. ಅಂಬ್ರೆಲ್ಲಾ ಅನ್ನೋ ಕಡೆ ಎಳೀಬೇಕು. ಪಾಪ, ಕಳ್ಕೊಂಡವ್ನಲ್ಲ."

ಅಜ್ಜಿ ಮೊಮ್ಮಗಳು ಕೂತು, ಪೊರಕೆಕಡ್ಡಿಯಲ್ಲಿ ತಾಳ ತಟ್ಟುತ್ತಾ, ಬಾರ್ಟನ್ ಸಾಹೇಬರ ದುಃಖವನ್ನು ರಾಗಕ್ಕೆ ಹಾಕಿದರು. ಕಪ್ಪು ಕೊಡೆ, ಮರದ ಹಿಡಿ ಬರುವ ಸಾಲು ಕರುಣಾರಸದಲ್ಲಿ ಬಹಳ ಚೆನ್ನಾಗಿ ಕೂತಿತು. ಮುಂದಿನ ವಾರದ ಹೊತ್ತಿಗೆ ಅದು ಇಡೀ ಕ್ಲಾಸಿಗೆ ಹಬ್ಬಿತ್ತು. ಪೆಟ್ಟಿಗೆ ಬಾಯಿ ತೆರೆದರೆ ಸಾಕು, ಅದು ಆಡುವ ಮುಂಚೆಯೇ ಮಕ್ಕಳು ಆಡಿ ಮುಗಿಸುತ್ತಿದ್ದರು. ಹಿಂದಿನ ಕಂಬದ ಬುಡದಲ್ಲಿ ಒಬ್ಬಳು ಮುದುಕಿ ಎಲ್ಲರಿಗಿಂತ ಒಂದು ಮಾತು ಮುಂಚೆ, ಕಣ್ಣು ಮುಚ್ಚಿ, "ವುಡನ್ ಹ್ಯಾಂಡಲ್" ಎನ್ನುತ್ತಿದ್ದಳು. ಉತ್ತರಗಳೂ ಕಂಠಪಾಠ: ಬಿ, ಎ, ಸಿ, ಸಿ, ಬಿ.

ಹನುಮಂತರಾಜು ಒಂದು ಸಲ ಧೈರ್ಯ ಮಾಡಿದರು. "ಸಾರ್, ಇದು ಲಿಸನಿಂಗ್ ಅಲ್ಲ. ಮಕ್ಕಳಿಗೆ ಒಂದಕ್ಷರ ಅರ್ಥ ಆಗ್ತಿಲ್ಲ. ಕನ್ನಡದಲ್ಲಿ ಸ್ವಲ್ಪ ಬಿಡಿಸಿ ಹೇಳೋಕೆ ಬಿಟ್ರೆ, ಮಾರ್ಚ್ ಪರೀಕ್ಷೇಲಿ ಬೇರೆ ಕಥೆ ಬಂದ್ರೂ..."

ಮೋಹನ್ ಕುಮಾರ್ ನಕ್ಕ. "ಮೇಷ್ಟ್ರೇ, ನಾನು ಉಂಡೆ ಕೊಬ್ಬರಿ ತಗೊಳೋವಾಗ ಒಂದೊಂದನ್ನೂ ಒಡೆದು ನೋಡ್ತೀನಾ? ಕಿವಿ ಹತ್ರ ಹಿಡ್ಕೊಂಡು ಅಲ್ಲಾಡಿಸ್ತೀನಿ. ಸದ್ದು ಚೆನ್ನಾಗಿ ಬಂತು ಅಂದ್ರೆ ಮಾಲು ಚೆನ್ನಾಗೈತೆ. ನೀವೂ ಅಷ್ಟು ಮಾಡಿ, ಸಾಕು."

ಮೇಷ್ಟ್ರು ಅಷ್ಟು ಮಾಡಿದರು.

ಇನ್ಸ್‌ಪೆಕ್ಷನ್ನಿನ ದಿನ ಇಲಾಖೆಯ ಸಾಹೇಬರು ಬಂದರು. ಅವರ ಮುಂದೆ ಎಳನೀರು, ಹಿಂದೆ ಕ್ಯಾಮೆರಾ. ಸಾಹೇಬರು ಜೇಬಿನಿಂದ ತಮ್ಮದೇ ಪೆನ್‌ಡ್ರೈವ್ ತೆಗೆದಾಗ ಮೋಹನ್ ಕುಮಾರನ ಮುಖ ಒಂದು ಗಳಿಗೆ ಹಸಿ ಕೊಬ್ಬರಿಯ ಬಣ್ಣಕ್ಕೆ ತಿರುಗಿತು. ಪೆಟ್ಟಿಗೆಯಲ್ಲಿ ಹೊಸ ಕಥೆ ಶುರುವಾಯಿತು. ಯಾವಳೋ ಹೆಂಗಸು ಅಂಗಡಿಗೆ ಫೋನ್ ಮಾಡಿ ಕೇಕ್ ಹೇಳುತ್ತಿದ್ದಳು. ಆದರೆ ಅವಳ ಗ್ರಹಚಾರ, ಅವಳೂ "ಎಕ್ಸ್‌ಕ್ಯೂಸ್ ಮಿ" ಎಂದೇ ಮಾತು ತೆಗೆದಳು. ಅಷ್ಟು ಸಾಕಾಯಿತು. ಇಡೀ ಒಂಬತ್ತನೇ ಕ್ಲಾಸು ಒಂದೇ ಕಂಠದಲ್ಲಿ, ರಾಗವಾಗಿ, ತೊಡೆ ತಟ್ಟಿ, ಬಾರ್ಟನ್ ಸಾಹೇಬರ ಕೊಡೆಯನ್ನು ಎತ್ತಿಕೊಂಡಿತು. ಆ ಅಬ್ಬರದಲ್ಲಿ ಹೆಂಗಸು ಏನು ಕೇಳಿದಳು, ಅಂಗಡಿಯವನು ಏನು ಕೊಟ್ಟ, ಯಾರಿಗೂ ತಿಳಿಯಲಿಲ್ಲ. ಮುಗಿದ ಕೂಡಲೇ ಉತ್ತರವೂ ಒಕ್ಕೊರಲಿನಲ್ಲಿ ಬಂತು. ಬಿ, ಎ, ಸಿ, ಸಿ, ಬಿ.

ಸಾಹೇಬರು ಎಳನೀರಿನ ಕೊಳವೆ ಬಾಯಿಂದ ತೆಗೆದರು. ಅವರೂ ಕೇಕಿನ ಕಥೆ ಕೇಳಿಸಿಕೊಂಡಿರಲಿಲ್ಲ. "ವಂಡರ್‌ಫುಲ್," ಅಂದರು. "ವಾಟ್ ಕಾನ್ಫಿಡೆನ್ಸ್! ಪ್ರಶ್ನೆ ಕೇಳೋ ಮುಂಚೆ ಉತ್ತರ!"

ಕ್ಯಾಮೆರಾ ಹತ್ತಿರ ಬಂತು. ಸಾಹೇಬರು ಮುಂದಿನ ಬೆಂಚಿನ ಧನ್ಯಶ್ರೀಯ ತಲೆ ಸವರಿ, ಹಿಂದಿನ ಕಂಬದ ಕಡೆ ಬೆರಳು ತೋರಿಸಿ, ಇಂಗ್ಲಿಷಿನಲ್ಲಿ ಏನೋ ಕೇಳಿದರು. ಹುಡುಗಿಗೆ ಪ್ರಶ್ನೆ ತಿಳಿಯಲಿಲ್ಲ. ಬಾಯಿಗೆ ಸಿಕ್ಕಿದ್ದು ಚೆನ್ನಾಗಿ ರೂಢಿಯಾಗಿದ್ದ ಸಾಲು. "ಇಟ್ ಈಸ್ ಬ್ಲ್ಯಾಕ್, ಸಾರ್, ವಿತ್ ಎ ವುಡನ್ ಹ್ಯಾಂಡಲ್."

"ವೆರಿ ಗುಡ್!" ಅಂದರು ಸಾಹೇಬರು. ಅವರ ಗಮನ ಕ್ಯಾಮೆರಾದ ಮೇಲಿತ್ತು. ಎಲ್ಲರೂ ಚಪ್ಪಾಳೆ ಹೊಡೆದರು. ಎಲ್ಲರಿಗಿಂತ ಜೋರಾಗಿ ಹೊಡೆದವಳು ಚಿಕ್ಕಗೌರಮ್ಮ. ಹನುಮಂತರಾಜು ಮಾತ್ರ ಕಿಟಕಿಯ ಹೊರಗೆ ನೋಡುತ್ತಿದ್ದರು.

ಮನೆಗೆ ಹೋಗುವ ದಾರಿಯಲ್ಲಿ ಅಜ್ಜಿಗೆ ನೆಲದ ಮೇಲೆ ಕಾಲಿರಲಿಲ್ಲ. "ಸಾಯೇಬ್ರು ನನ್ ಕಡೆ ಕೈ ತೋರ್ಸಿ ಏನೋ ಕೇಳಿದ್ರಲ್ಲೇ? ಏನಂತೆ?"

ಧನ್ಯಶ್ರೀ ದಾರಿಯ ಕಲ್ಲೊಂದನ್ನು ಒದ್ದು ಮುಂದೆ ನಡೆದಳು.

"ಹೇಳೇ, ನನ್ ವಿಚಾರ ಏನು?"

"ಮೇಷ್ಟ್ರು ಆಮೇಲೆ ಹೇಳಿದ್ರು. ಅಲ್ಲಿ ಕೂತಿರೋ ಆ ಅಜ್ಜಿ ಯಾರು ಅಂತ ಕೇಳಿದ್ರಂತೆ."

"ನೀನೇನಂದೆ?"

"ಕಪ್ಪಗೈತೆ, ಮರದ ಹಿಡಿ ಐತೆ ಅಂದೆನಂತೆ."

ಚಿಕ್ಕಗೌರಮ್ಮ ಬೇಲಿ ಹಿಡಿದು ನಿಂತು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಸುಳ್ಳೇನು ಹೇಳಿಲ್ಲ ಬುಡು!" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡು ನೋಡಿದರೆ ಹುಡುಗಿ ನಗುತ್ತಿರಲಿಲ್ಲ.

"ನನ್ನಜ್ಜಿ ಅನ್ನೋಕೆ ಬರ್ಲಿಲ್ಲ ಕಣಜ್ಜಿ ನಂಗೆ. ಅಷ್ಟೂ ಬರ್ಲಿಲ್ಲ. ಅವರು ಹಾಕಿದ ಕಥೇನೂ ಬೇರೆಯಂತೆ. ಮಾರ್ಚಲ್ಲಿ ಬರೋದೂ ಬೇರೆ. ಈ ಕೊಡೆ ಇಟ್ಕೊಂಡು ಏನ್ ಮಾಡ್ಲಿ?"

ಬೇಲಿ ಹಿಡಿದಿದ್ದ ಕೈಯನ್ನು ಚಿಕ್ಕಗೌರಮ್ಮ ಬಿಡಲಿಲ್ಲ. ಕಡ್ಡಿಯಲ್ಲಿ ತಾಳ ತಟ್ಟಿದ ಕೈ ಅದೇ. ಪದ್ಯವನ್ನು ಅವಳು ಹಾಗೇ ಕಲಿತಿದ್ದು ನಿಜ. ಆದರೆ ಪ್ರತಿ ಪದ್ಯದ ಬೆನ್ನಿಗೂ ಒಬ್ಬ ಕ್ಯಾತಪ್ಪ ಇದ್ದನಲ್ಲ, ಕೊಬ್ಬರಿ ಹರಾಜಿಗೆ ಸುತ್ತಿಕೊಂಡಾದರೂ ಅರ್ಥ ತಲುಪಿಸುವವನು. ಅರ್ಥ ಹೇಳೋರು ಯಾರು ಎಂದು ಮೊದಲ ದಿನವೇ ಅವಳ ಬಾಯಿ ಕೇಳಿತ್ತು. ಕೇಳಿದ್ದನ್ನು ಮರೆತು, ರಾಗ ಚೆನ್ನಾಗಿ ಕೂತಿತೆಂದು ಹಿಗ್ಗಿದವಳೂ ಅವಳೇ. ರಾಜ ಕಾಡಿನಲ್ಲಿ ಕೂತದ್ದು ದಂಡವಾಯಿತು.

ಮರುದಿನ ಭಾನುವಾರ ಅವಳು ಹನುಮಂತರಾಜು ಮನೆಗೆ ಹೋಗಿ ಬಾಗಿಲಲ್ಲೇ ನಿಂತಳು.

"ಮೇಷ್ಟ್ರೇ, ನಮ್ಮ ಜಗಲೀಲಿ ಬೋರ್ಡಿಲ್ಲ. ಬಂದು ಅರ್ಥ ಹೇಳಿ."

ಮೇಷ್ಟ್ರು ಅತ್ತಿತ್ತ ನೋಡಿದರು. "ಅಧ್ಯಕ್ಷರಿಗೆ ಗೊತ್ತಾದ್ರೆ..."

"ಗೊತ್ತಾಗ್ಲಿ. ಅವರಿಗೂ ಒಂದು ಅರ್ಥ ಹೇಳಿ."

ಸಂಜೆ ಮೇಷ್ಟ್ರು ಮೊಬೈಲು ಹಿಡಿದು ಬಂದರು. ಕ್ಲಾಸಿನ ಅರ್ಧ ಮಕ್ಕಳು ಬಂದರು. ಕೆಲಸವಿಲ್ಲದ ತಿಮ್ಮಯ್ಯ, ಕೆಲಸ ಕಳಕೊಂಡ ಕ್ಯಾತಪ್ಪ ಇಬ್ಬರೂ ಬಂದು ಸುಲಿದ ತೆಂಗಿನಕಾಯಿಯ ಮಟ್ಟೆಯ ರಾಶಿಯ ಮೇಲೆ ಕೂತರು. ಮೊಬೈಲು ಒಂದು ಸಾಲು ಓದುವುದು, ಮೇಷ್ಟ್ರು ನಿಲ್ಲಿಸಿ ಅರ್ಥ ಬಿಡಿಸುವುದು. ಮೊದಲು ಪಿಸುಗುಟ್ಟಿದರು, ಆಮೇಲೆ ದನಿಗೆ ಬಿಸಿಯೇರಿತು.

ಕೊಡೆ ರೈಲಿನಲ್ಲಿ ಮರೆತುಹೋಗಿದೆ. ಬಾರ್ಟನ್ ಸ್ಟೇಷನ್ನಿನ ಗುಮಾಸ್ತನ ಹತ್ತಿರ ಹೋಗಿದ್ದಾನೆ. ಗುಮಾಸ್ತ ಒಳಗಿಂದ ಒಂದು ಕೊಡೆ ತಂದುಕೊಡುತ್ತಾನೆ. ಅದು ನೀಲಿ ಕೊಡೆ, ಪ್ಲಾಸ್ಟಿಕ್ ಹಿಡಿ. ಇದು ನನ್ನದಲ್ಲ ಅನ್ನುತ್ತಾನೆ ಬಾರ್ಟನ್. ಹೊರಗೆ ನೋಡುತ್ತಾನೆ, ಮಳೆ. ಥ್ಯಾಂಕ್ ಯೂ ಅಂದು ಅದನ್ನೇ ತಗೊಂಡು ಹೋಗುತ್ತಾನೆ.

ಮಟ್ಟೆಯ ರಾಶಿಯ ಮೇಲಿಂದ ಕ್ಯಾತಪ್ಪ ಮುಂದಕ್ಕೆ ಬಾಗಿದ.

"ಬೇರೆಯೋರ ಕೊಡೆ ಎತ್ಕೊಂಡು ಹೋದ್ನಾ?" ಅಂದಳು ಧನ್ಯಶ್ರೀ.

"ಹೂಂ."

"ಕಳ್ನನ್ಮಗ!" ಅಂದ ಕ್ಯಾತಪ್ಪ. "ಇಷ್ಟು ವಾರ ಇವನಿಗಾ ಲೇ ನೀವು ಕರುಣಾರಸದಲ್ಲಿ ಹಾಡಿದ್ದು?"

ಮಕ್ಕಳು ಬಿದ್ದು ಬಿದ್ದು ನಕ್ಕರು. ಚಿಕ್ಕಗೌರಮ್ಮನಿಗೆ ಮಾತ್ರ ತಾನು ವಾರವಾರ ದೀಪ ಹಚ್ಚಿ ಕೈಮುಗಿದದ್ದು ನೆನಪಾಗಿ ಮುಖ ಹುಳ್ಳಗಾಯಿತು.

ಆಮೇಲೆ ಮೇಷ್ಟ್ರು ಹೊಸದೊಂದು ಹಾಕಿದರು, ಸಾಹೇಬರ ಪೆನ್‌ಡ್ರೈವಿನಿಂದ ಮೊಬೈಲಿಗೆ ಇಳಿಸಿಕೊಂಡಿದ್ದ ಕೇಕಿನ ಕಥೆಯನ್ನೇ. "ಯಾರೂ ಜೊತೆಗೆ ಹೇಳ್ಬಾರದು. ಬಾಯಿ ಮುಚ್ಚಿ ಕೇಳಿ. ಒಂದು ಮಾತು ಸಿಕ್ಕರೂ ಸಾಕು." ಮೊಬೈಲು ನುಡಿಯಿತು. ಎಲ್ಲರ ತುಟಿಗಳೂ ಅಭ್ಯಾಸಬಲದಿಂದ ಅದುರಿ ನಿಂತವು. ಧನ್ಯಶ್ರೀ ಹುಬ್ಬು ಗಂಟು ಹಾಕಿ, ತಲೆ ವಾರೆ ಮಾಡಿ, ಅಟ್ಟದಲ್ಲಿ ಇಲಿಯ ಸದ್ದು ಹುಡುಕುವವಳ ಹಾಗೆ ಕೇಳಿದಳು.

"ಬುಧವಾರ," ಅಂದಳು ಕೊನೆಗೆ. "ಕೇಕು ಬುಧವಾರಕ್ಕೆ ಬೇಕಂತೆ. ಮೊಟ್ಟೆ... ನೋ ಎಗ್ಸ್ ಅಂದ್ಲು. ಮೊಟ್ಟೆ ಹಾಕ್ಬೇಡಿ ಅಂದ್ಲು! ಹೌದಾ ಸಾರ್?"

"ಹೌದು," ಅಂದರು ಮೇಷ್ಟ್ರು.

ಹುಡುಗಿ ಅಜ್ಜಿಯನ್ನು ನೋಡಿದಳು. ಚಿಕ್ಕಗೌರಮ್ಮನಿಗೆ ಮುಂದಿನ ಸಾಲು ಗೊತ್ತಿರಲಿಲ್ಲ. ಬಹಳ ಕಾಲದ ಮೇಲೆ ಅವಳೂ ಮುಂದೇನು ಅಂತ ಕಾಯುತ್ತಾ ಕೂತಿದ್ದಳು.

ಅಷ್ಟು ಹೊತ್ತಿಗೆ ಬೇಲಿಯಾಚೆ ಕಾರು ನಿಂತಿತು. ಮೋಹನ್ ಕುಮಾರ್ ಇಳಿದ, ಮೊಬೈಲಿನಲ್ಲಿ ನಿನ್ನೆಯ ವಿಡಿಯೊ ಹಿಡಿದುಕೊಂಡೇ ಇಳಿದ. ಮೇಷ್ಟ್ರು ತಮ್ಮ ಫೋನನ್ನು ಜೇಬಿಗೆ ಹಾಕಿಕೊಂಡರು, ಆದರೆ ಎದ್ದು ಹೋಗಲಿಲ್ಲ.

"ಅಜ್ಜಿ! ಊರಿಗೇ ಹೆಸರು ಬಂತು. ವಿಡಿಯೊ ನೋಡಿ ಬೆಂಗಳೂರಿಂದ ದೊಡ್ಡೋರು ಬತ್ತಾವ್ರೆ, ಬರೋ ಶನಿವಾರ. ಮಾದರಿ ಕೇಂದ್ರ ಅಂತ ಮಾಡ್ತಾರಂತೆ, ಇನ್ನು ಭಜನೆಮನೆ ಪರ್ಮನೆಂಟಾಗಿ ಲಿಸನಿಂಗ್ ಸೆಂಟರ್ರೇ. ಅದೇ ಕೊಡೆ, ಅದೇ ರಾಗ. ಧನ್ಯಶ್ರೀ ಮುಂದ್ಗಡೆ. ಬಣ್ಣ ಹೊಡೆಸ್ಬೇಕು, ಬೀಗದ ಕೈ ಇವತ್ತೇ ಕೊಟ್ಬುಡಿ."

"ಇನ್ಸ್‌ಪೆಕ್ಷನ್ ಮುಗಿಯೋಗಂಟ ಅಂತ ನೀನೇ ಅಂದಿದ್ದೆ."

"ಇದೂ ಒಂಥರಾ ಇನ್ಸ್‌ಪೆಕ್ಷನ್ನೇ ಅಲ್ವಾ?"

"ಮಕ್ಕಳಿಗೆ ಅರ್ಥ ಆಗಿರ್ಲಿಲ್ಲ ಕಣಪ್ಪ."

"ಅರ್ಥ ಯಾರ್ ಕೇಳ್ತಾರೆ ಅಜ್ಜಿ? ಸದ್ದು ಎಷ್ಟು ಚೆನ್ನಾಗಿ ಬಂತು ನೋಡಿ!"

"ಒಡೆದು ನೋಡಿದೆ," ಅಂದಳು ಚಿಕ್ಕಗೌರಮ್ಮ. "ಒಳಗೆ ಏನೂ ಇರ್ಲಿಲ್ಲ."

ಮೋಹನ್ ಕುಮಾರ್ ನಗಲು ನೋಡಿದ. ಜಗಲಿಯಲ್ಲಿ ಯಾರೂ ಜೊತೆಗೂಡಲಿಲ್ಲ. ಮಟ್ಟೆಯ ರಾಶಿಯ ಮೇಲಿಂದ ತಿಮ್ಮಯ್ಯ ಗಂಟಲು ಸರಿಮಾಡಿಕೊಂಡು, "ಪೀಠ ಅಟ್ಟದಿಂದ ಇಳಿಸ್ಲೇನಮ್ಮ?" ಎಂದು ಕೇಳಿದ.

"ಇಳ್ಸಪ್ಪ. ಶನಿವಾರ ಮೊದ್ಲು ರಾಜನ್ನ ಕರ್ಕೊಂಡು ಬರಣ. ಆಮೇಲೆ ಮೇಷ್ಟ್ರು ಇಂಗ್ಲಿಷ್ ಹಾಕ್ಲಿ, ಅರ್ಥ ಸಮೇತ. ಅಲ್ಲೇ, ಅದೇ ದೀಪದಲ್ಲೇ."

"ಅಜ್ಜಿ, ದೊಡ್ಡೋರು ಬರೋದು ಕಣ್ರೀ," ಮೋಹನ್ ಕುಮಾರ್ ಕೈ ಚಾಚಿದ. ಒಳಗೆ ದೇವರಗೂಡಿನ ಪಕ್ಕ ಮೊಳೆಯಲ್ಲಿ ಬೀಗದ ಕೈ ಅವನಿಗೆ ಕಾಣುವ ಹಾಗೇ ತೂಗುತ್ತಿತ್ತು. "ಒಂದೇ ಒಂದು ಶನಿವಾರ. ನನ್ನ ಮಾನದ ಪ್ರಶ್ನೆ. ಕೊಡಿ."

ಚಿಕ್ಕಗೌರಮ್ಮ ಎದ್ದು ಹೋಗಿ ಹೊಸ್ತಿಲಿಗೆ ಅಡ್ಡ ಕೂತಳು.

"ಕೊಡಲ್ಲ," ಅಂದಳು.